ದುರ್ಬೀನಿಗೆ ಹಚ್ಚಿದ ಗಂಧ

ಬಂದೂಕಿನ ಸ್ಕೋಪಿನ ಗಾಜನ್ನು ಒರೆಸುವ ಮೊದಲು ಗಾಳಿ ಊದಬೇಕು. ಬಾಯಿಂದ ಅಲ್ಲ, ಅಂಗೈಯಲ್ಲಿ ಹಿಡಿಯುವ ರಬ್ಬರ್ ಬುಗ್ಗೆಯಿಂದ. ಆಮೇಲೆ ಮೆತ್ತನೆಯ ಬ್ರಶ್ಶು ಆಡಿಸಬೇಕು. ಅದೂ ಆದಮೇಲೆ ಬಟ್ಟೆ, ಬಟ್ಟೆಗೆ ಒಂದು ಹನಿ ದ್ರಾವಣ. ನಡುವಿನಿಂದ ಅಂಚಿನ ಕಡೆಗೆ, ಒತ್ತದೆ. ಒಣ ಬಟ್ಟೆ ಮಾತ್ರ ಯಾವತ್ತೂ ಸಲ್ಲದು. ಇದನ್ನೆಲ್ಲ ನನಗೆ ಮೂರು ದಿನದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೊನೆಯ ಮಾತಿನ ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದೆ. ಬರೆದುಕೊಂಡವರೆಲ್ಲ ಕಲಿತವರಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ, ನಾನಿದ್ದೇನೆ.

ನಾನು ಹೊಸಪೇಟೆಯವಳು, ಪಶುವೈದ್ಯೆ. ದಿನದ ಕೆಲಸ ಎಮ್ಮೆ, ಹಸು, ಕುರಿ, ಆಗಾಗ ಹಂಪಿಗೆ ಬಂದ ಪ್ರವಾಸಿಗರ ಕನಿಕರಕ್ಕೆ ಸಿಕ್ಕಿದ ಬೀದಿನಾಯಿ. ಆದರೆ ನಮ್ಮ ಕಡೆ ಕಲ್ಲುಗುಡ್ಡ ಇದ್ದಲ್ಲೆಲ್ಲ ಕರಡಿಯೂ ಚಿರತೆಯೂ ಇವೆ. ಅವು ಹೊಲದಲ್ಲೋ ಊರಲ್ಲೋ ಸಿಕ್ಕಿಹಾಕಿಕೊಂಡಾಗ ಅರಣ್ಯದವರು ನನಗೆ ಫೋನು ಮಾಡುತ್ತಾರೆ. ಅವರ ಬಳಿ ಒಂದು ಅರಿವಳಿಕೆ ಬಂದೂಕಿದೆ. ಅದರಿಂದ ಹಾರುವುದು ಗುಂಡಲ್ಲ, ಮದ್ದು ತುಂಬಿದ ಸೂಜಿ. ಅದು ಭುಜದ ಅಥವಾ ತೊಡೆಯ ಮಾಂಸಕ್ಕೇ ನಾಟಬೇಕು. ಒಂದು ಗೇಣು ಆಚೀಚೆ ಆದರೆ ಪ್ರಾಣಿಗೂ ಕಷ್ಟ, ಎದುರಿಗೆ ನಿಂತ ಮನುಷ್ಯರಿಗೂ ಕಷ್ಟ. ಅದಕ್ಕೇ ಅದರ ನೆತ್ತಿಯ ಮೇಲೆ ಒಂದು ಸ್ಕೋಪು.

ಮೊದಲ ಸಲ ನಾನದನ್ನು ಹೆಗಲಿಗೆ ಏರಿಸಿದಾಗ ಹಿಂದಿನಿಂದ ಯಾರೋ, "ಹೆಣ್ಮಕ್ಕಳ ಕೈಯಾಗ ಲಟ್ಟಣಿಗಿ ಇದ್ರ ಚಂದ" ಅಂದರು. ನಾನು ತಿರುಗಿ, "ಲಟ್ಟಣಿಗೀಲೆನೂ ಗುರಿ ಇಡಾಕ ಬರ್ತದ್ರಿ, ನಿಮ್ಮ ಮನಿಯವ್ರನ್ನ ಕೇಳ್ರಿ" ಅಂದೆ. ಎಲ್ಲರೂ ಹೋ ಅಂತ ನಕ್ಕರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮಾತಿನಲ್ಲಿ ಸೋತು ಗೊತ್ತಿಲ್ಲ. ಗಂಡಸರೇ ತುಂಬಿದ ಆ ಕೆಲಸದಲ್ಲಿ ಇಷ್ಟು ವರ್ಷ ನನ್ನನ್ನು ಕಾಪಾಡಿದ್ದು ಅದೇ ಸಿಟ್ಟು ಎಂದು ನಂಬಿದ್ದೆ.

ಬಂದೂಕು ಇರುತ್ತಿದ್ದದ್ದು ಸಂಡೂರು ಕಡೆಯ ಒಂದು ಅರಣ್ಯ ಆಫೀಸಿನಲ್ಲಿ. ಅದರ ಜೋಪಾನ ಕಾಡು ಕಾಯುವ ಒಬ್ಬ ವಾಚರ್‌ದು. ಐವತ್ತು ದಾಟಿದವರು, ಕುರೆಕುಪ್ಪದವರು, ನನಗಿಂತ ಹತ್ತು ವರ್ಷಕ್ಕೆ ಹಿರಿಯರು. ನಾನು ಅವರನ್ನು ವಾಚರಣ್ಣ ಅಂತ ಕರೆಯುತ್ತಿದ್ದೆ. ಆ ಕಡೆಯ ಧೂಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಅದಿರಿನ ಲಾರಿಗಳು ಓಡಾಡುವ ದಾರಿಯಲ್ಲಿ ಬಿಳಿ ಹಸು ಸಂಜೆಗೆ ಕೆಂದಾಗಿರುತ್ತದೆ. ವಾಚರಣ್ಣ ಬಂದೂಕಿನ ಪೆಟ್ಟಿಗೆಯನ್ನು ಹೆಂಡತಿಯ ಹಳೇ ಸೀರೆಯಲ್ಲಿ ಸುತ್ತಿ, ಗಂಟು ಹಾಕಿ, ಬೀರುವಿನಲ್ಲಿ ಇಡುತ್ತಿದ್ದರು. ಸ್ಕೋಪಿಗೆ ಅವರು ದುರ್ಬೀನು ಅನ್ನುತ್ತಿದ್ದರು. ನಾನು ಎಷ್ಟು ತಿದ್ದಿದರೂ ಅದು ದುರ್ಬೀನೇ.

ಅವರ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವರ ಕೈಗುಣ ಒಳ್ಳೆಯದು ಎಂದು ಸುತ್ತಲ ಊರಲ್ಲೆಲ್ಲ ಹೆಸರಾಗಿತ್ತು. ಹೊಸ ಬೈಕು ತಂದವರು ಮೊದಲ ಪೂಜೆಗೆ ಅವರ ಮನೆ ಮುಂದೆ ತಂದು ನಿಲ್ಲಿಸುತ್ತಿದ್ದರು. ಬಿತ್ತನೆಯ ಮೊದಲ ಹಿಡಿ ಕಾಳು ಅವರ ಕೈಯಿಂದ ಹಾಕಿಸುತ್ತಿದ್ದರು. ಕಾರ್ಖಾನೆಗೆ ಕೆಲಸಕ್ಕೆ ಸೇರುವ ಹುಡುಗರು ಅವರ ಕೈಯಿಂದ ಹಣೆಗೆ ಕುಂಕುಮ ಇಡಿಸಿಕೊಂಡು ಬಸ್ಸು ಹತ್ತುತ್ತಿದ್ದರು. ನಾನು ಒಮ್ಮೆ, "ಏನ್ರಿ ವಾಚರಣ್ಣ, ಸ್ವಲ್ಪ ಕೈಗುಣ ನನಗೂ ಸಾಲ ಕೊಡ್ರಿ, ನಮ್ಮ ಆಸ್ಪತ್ರೆ ಎಮ್ಮಿ ಒಂದೂ ಗಬ್ಬ ನಿಲ್ಲವಲ್ಲವು" ಅಂದಿದ್ದೆ. "ಅದಕ್ಕ ಕೋಣದ ಗುಣ ಬೇಕ್ರಿ ಮೇಡಂ, ನನ್ನ ಕೈಲೆ ಏನಾಗ್ತೈತಿ" ಅಂದಿದ್ದರು. ಬಾಯಲ್ಲಿ ತಮಾಷೆ, ಆದರೆ ಆ ಹೆಸರಿನ ಮೇಲೆ ಅವರಿಗೆ ಜೀವ. ಅವರ ಹತ್ತಿರ ಹೊಲವಿಲ್ಲ, ಪರ್ಮನೆಂಟ್ ನೌಕರಿಯಿಲ್ಲ. ನಾಲ್ಕು ಜನ ಎದ್ದು ನಿಂತು ಬರ್ರಿ ಅನ್ನುತ್ತಿದ್ದದ್ದು ಆ ಕೈಗಾಗಿ.

ಆ ವರ್ಷದ ಆಯುಧಪೂಜೆಗೆ ಆಫೀಸಿನಲ್ಲಿ ಜೀಪು, ಕೊಡಲಿ, ಬಲೆ, ಬೋನು, ವಾಕಿಟಾಕಿ ಎಲ್ಲಕ್ಕೂ ಅವರೇ ಪೂಜೆ ಮಾಡಿದರು. ನನ್ನನ್ನೂ ಕರೆದಿದ್ದರು, ನಾನು ಹೋಗಲಿಲ್ಲ. ಮನೆಯಲ್ಲಿ ಅಮ್ಮನ ಮಡಿ, ಅಡುಗೆ. ಮರುದಿನ ಬೆಳಿಗ್ಗೆ, ಬನ್ನಿ ಕೊಡುವ ದಿನ, ಇನ್ನೂ ಕಾಫಿ ಕುಡಿಯುತ್ತಿದ್ದೆ, ಫೋನು ಬಂತು. ಮೆಟ್ರಿ ಹತ್ತಿರ ಬಾಳೆತೋಟದ ಬದುವಿನಲ್ಲಿ ಕಾಡುಹಂದಿಗೆ ಅಂತ ಯಾರೋ ಕಟ್ಟಿದ್ದ ಉರುಲಿಗೆ ಕರಡಿ ಬಿದ್ದಿದೆ, ಜೀಪು ಬರುತ್ತಿದೆ, ಮದ್ದು ತಗೊಂಡು ರೆಡಿ ಇರ್ರಿ ಅಂದರು.

ಜೀಪು ಬಂತು. ಮುಂದೆ ಬಾಳೆಗಿಡ, ಗಾಲಿಗೆ ಬೂದುಗುಂಬಳದ ಚೂರು ಇನ್ನೂ ಅಂಟಿಕೊಂಡಿತ್ತು. ಡ್ರೈವರ್ ಪಕ್ಕದಲ್ಲಿ ಒಬ್ಬ ಗಾರ್ಡು, ಹಿಂದೆ ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ವಾಚರಣ್ಣ. ನಾನು ಅವರ ಪಕ್ಕ ಕೂತು, ಕಮಲಾಪುರ ದಾಟುವ ಹೊತ್ತಿಗೆ ಪೆಟ್ಟಿಗೆ ತೆರೆಸಿದೆ. ಬಂದೂಕಿನ ಹಿಡಿಗೆ ಗಂಧ, ನಳಿಗೆಗೆ ಮೂರು ಬೆರಳಿನ ವಿಭೂತಿ, ಅದೆಲ್ಲ ಇರಲಿ. ಸ್ಕೋಪಿನ ಮುಂದಿನ ಮುಚ್ಚಳ ತೆಗೆದೆ. ಗಾಜಿನ ನಟ್ಟನಡುವೆ ಎಂಟಾಣೆಯಷ್ಟು ಅಗಲದ ಗಂಧ, ಅದರ ಮೇಲೆ ಕುಂಕುಮ, ಒಣಗಿ ಬಿರುಕು ಬಿಟ್ಟಿತ್ತು.

"ಏನ್ರಿ ಇದು?"

"ಪೂಜಿ ಮಾಡೀನ್ರಿ ಮೇಡಂ."

"ಮುಚ್ಚಳ ಯಾಕ ತೆಗೆದ್ರಿ? ಮುಚ್ಚಳದ ಮ್ಯಾಲೆ ಹಚ್ಚಬೇಕಿತ್ತು!"

"ಕಣ್ಣ ಮುಚ್ಚಿದ ದೇವರಿಗೆ ಯಾರರ ಪೂಜಿ ಮಾಡ್ತಾರೇನ್ರಿ?" ಅಂದರು. ಹಾಸ್ಯಕ್ಕಲ್ಲ, ನಿಜವಾಗಿಯೂ ಕೇಳಿದರು.

ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅವತ್ತು ನಗಲಿಲ್ಲ. ಫೋನಿನ ಮೇಲೆ ಫೋನು ಬರುತ್ತಿತ್ತು, ಜನ ಸೇರಿದ್ದಾರೆ, ಕಲ್ಲು ಹೊಡೆಯುತ್ತಿದ್ದಾರೆ, ಜಲ್ದಿ ಬರ್ರಿ. ನನ್ನ ತಲೆ ಕೆಟ್ಟಿತು. "ಬುದ್ಧಿ ಐತೇನ್ ನಿನಗ? ಇದೇನು ಹೊಸಾ ಬೈಕ್ ಅಂದ್ಕೊಂಡಿಯೇನು? ನಿನ್ನ ಕೈಗುಣ ತಗೊಂಡು ಒಲಿಯಾಗ ಹಾಕು!" ಅಂದೆ. ಹತ್ತು ವರ್ಷ ನೀವು ಅಂದ ಮನುಷ್ಯರಿಗೆ ಒಂದೇ ಉಸಿರಿಗೆ ನೀನು ಅಂದೆ. ಮುಂದೆ ಕೂತ ಗಾರ್ಡು ಹಿಂತಿರುಗಿ ನೋಡಿ, ಮತ್ತೆ ರಸ್ತೆ ಕಡೆ ಮುಖ ಮಾಡಿದ.

ವಾಚರಣ್ಣ ಸಿಟ್ಟಾಗಲಿಲ್ಲ. ಸೀಟಿನ ಕೆಳಗಿನಿಂದ ನೀರಿನ ಬಾಟ್ಲಿ ತೆಗೆದು, "ಎರಡ ಹನಿ ನೀರ ಹಾಕ್ತೀನ್ರಿ ಮೇಡಂ. ಗಂಧ ನೆನೀಲಿ. ನೆಂದ್ರ ತಾನಾ ಬಿಡ್ತೈತಿ" ಅಂದರು.

"ಲೆನ್ಸಿಗೆ ನೀರು! ಇನ್ನೇನು ಬಾಕಿ ಉಳೀತು? ಸರಿ ಆಕಡಿ" ಅಂದೆ. ಬಂದೂಕನ್ನು ಅವರ ಕೈಯಿಂದ ಕಿತ್ತುಕೊಂಡೆ. ಉಗುರಿನಿಂದ ಗಂಧದ ಹಕ್ಕಳೆ ಎಬ್ಬಿಸಿದೆ. ಉಳಿದದ್ದನ್ನು ನನ್ನ ವೇಲಿನ ತುದಿಯಿಂದ ಉಜ್ಜಿದೆ. ಒಣ ಬಟ್ಟೆ. ಜೀಪಿನ ಕಿಟಕಿ ತೆರೆದಿತ್ತು, ಆ ಜೀಪಿನಲ್ಲಿ ಯಾವುದನ್ನು ಮುಟ್ಟಿದರೂ ಬೆರಳಿಗೆ ಕೆಂಪು ಹತ್ತುತ್ತಿತ್ತು, ವೇಲು ಸೀಟಿನ ಮೇಲೆ ಬಿದ್ದಿತ್ತು. ನಾನು ಸಿಟ್ಟಿನ ಕೈಯಲ್ಲಿ ಗಿರಗಿರ ತಿಕ್ಕಿದೆ, ತಳ ಹಿಡಿದ ಪಾತ್ರೆ ಉಜ್ಜುವ ಹಾಗೆ. ನನ್ನ ಪರ್ಸಿನಲ್ಲಿ ಚಷ್ಮಾ ಒರೆಸುವ ಬಟ್ಟೆ ಇತ್ತು. ಹುಡುಕಲಿಲ್ಲ.

ಕಣ್ಣಿಟ್ಟು ನೋಡಿದೆ. ಹೊರಗೆ ಓಡುವ ಗದ್ದೆಗಳು ಕಂಡವು, ಸ್ವಲ್ಪ ಹಾಲು ಹಾಲಾಗಿ. ಸಾಕು ಅಂದುಕೊಂಡೆ.

ತೋಟದ ಹತ್ತಿರ ಊರಿಗೆ ಊರೇ ನೆರೆದಿತ್ತು. ಹಬ್ಬದ ದಿನ, ಎಲ್ಲರಿಗೂ ಬಿಡುವು, ಎಲ್ಲರ ಕೈಯಲ್ಲೂ ಮೊಬೈಲು. ಕರಡಿ ಹೆಣ್ಣು. ಬೈಕಿನ ಕ್ಲಚ್ ವೈರು ಸೊಂಟಕ್ಕೆ ಬಿಗಿದು, ಇನ್ನೊಂದು ತುದಿ ನೆಲಕ್ಕೆ ಹೊಡೆದ ಗೂಟಕ್ಕೆ ಇತ್ತು. ರಾತ್ರಿಯೆಲ್ಲ ಸುತ್ತಿ ಸುತ್ತಿ ಅದು ಗೂಟದ ಸುತ್ತಲಿನ ನೆಲವನ್ನು ಉತ್ತುಬಿಟ್ಟಿತ್ತು. ಬಾಯಿಂದ ನೊರೆ. ಅದು ಕೂಗುತ್ತಿದ್ದ ದನಿಯನ್ನು ನಾನು ವರ್ಣಿಸುವುದಿಲ್ಲ. ಜನ ನಿಂತ ಕಡೆಯಿಂದ ಹೊಡೆದರೆ ಸೂರ್ಯ ಬೆನ್ನಿಗೆ ಬರುತ್ತಿದ್ದ. ಅವರನ್ನು ಚದುರಿಸಲು ಗಾರ್ಡಿನಿಂದ ಆಗಲಿಲ್ಲ. ನಾನು ಎದುರು ಬದಿಗೆ ಹೋದೆ. ವಾಚರಣ್ಣ ಒಂದು ಬಿದಿರಿನ ಗಳ ಹಿಡಿದು ನನ್ನ ಎಡಕ್ಕೆ ಒಂದು ಹೆಜ್ಜೆ ಮುಂದೆ ನಿಂತರು. ಅದು ಅವರ ಜಾಗ. ಎಷ್ಟು ಸಲ ಹೋದರೂ ಅವರು ಅಲ್ಲೇ ನಿಲ್ಲುತ್ತಿದ್ದರು.

ಬಂದೂಕು ಏರಿಸಿ ಸ್ಕೋಪಿಗೆ ಕಣ್ಣು ಕೊಟ್ಟೆ. ಬೆಳಗಿನ ಬಿಸಿಲು ನೇರ ಗಾಜಿಗೆ ಹೊಡೆಯಿತು. ನಡುವೆ ಬರೀ ಬಿಳುಪು. ಒಲೆಯ ಹೊಗೆಯ ಹಿಂದೆ ಬೆಕ್ಕು ಕೂತ ಹಾಗೆ ಆ ಬಿಳುಪಿನ ಹಿಂದೆ ಏನೋ ಕಪ್ಪಗೆ ಅಲ್ಲಾಡಿತು. ಭುಜ ಯಾವುದು, ಭುಜದ ಮೇಲಿನ ಜೂಲು ಯಾವುದು, ತಿಳಿಯಲಿಲ್ಲ. ಇಳಿಸಬೇಕಿತ್ತು. ತಡೀರಿ, ಕಾಣವಲ್ಲದು ಅನ್ನಬೇಕಿತ್ತು. ಇಷ್ಟು ಜನರ ಮುಂದೆ, ಅಷ್ಟು ಬೈದ ಮೇಲೆ, ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅಂದಾಜಿಗೆ ಹೊಡೆದೆ.

ಸೂಜಿ ಜೂಲಿನೊಳಗೆ ಹಾಯ್ದು ಹಿಂದಿನ ಮಣ್ಣಿಗೆ ಬಿತ್ತು. ಆ ಸದ್ದಿಗೆ, ಕೂದಲು ಜಗ್ಗಿದ್ದಕ್ಕೆ, ಕರಡಿ ಹುಚ್ಚೆದ್ದು ಜಗ್ಗಿತು. ಗೂಟ ಕಿತ್ತು ಬಂತು. ನಾನು ಎರಡನೇ ಸೂಜಿಗೆ ಕೈ ಹಾಕಿದ್ದೆ, ತಲೆ ಎತ್ತುವಷ್ಟರಲ್ಲಿ ಅದು ನನ್ನ ಕಡೆಗೇ ಬರುತ್ತಿತ್ತು, ಗೂಟ ಹಿಂದೆ ಎಳೆದಾಡುತ್ತಿತ್ತು. ವಾಚರಣ್ಣ ಗಳ ಅಡ್ಡ ಹಿಡಿದು ನಡುವೆ ಬಂದರು. ಕರಡಿಯದು ಒಂದೇ ಏಟು. ಕರಡಿ ಮುಖಕ್ಕೇ ಹಾಕುತ್ತದೆ ಎಂದು ನಾನೇ ಹಳ್ಳಿಹಳ್ಳಿಗೆ ಹೋಗಿ ಭಾಷಣ ಮಾಡಿದವಳು. ಜನ ಕಿರುಚುತ್ತಾ ಚೆಲ್ಲಾಪಿಲ್ಲಿಯಾದರು, ಕರಡಿ ಬಾಳೆಯೊಳಗೆ ನುಗ್ಗಿ ಗುಡ್ಡದ ಕಡೆ ಹೋಯಿತು. ವಾಚರಣ್ಣ ಮೊಣಕಾಲ ಮೇಲೆ ಕೂತಿದ್ದರು. ನಾನು ಅದೇ ವೇಲಿನಿಂದ ಅವರ ಮುಖ ಒತ್ತಿ ಹಿಡಿದೆ. "ಮೇಡಂ, ನಿಮಗೇನಾಗಿಲ್ಲಲ್ರಿ?" ಅಂತ ಕೇಳಿದರು. ಆ ಪ್ರಶ್ನೆಯನ್ನು ನಾನು ಇವತ್ತಿಗೂ ಸಹಿಸಿಕೊಳ್ಳಲಾರೆ.

ಬಳ್ಳಾರಿ ಆಸ್ಪತ್ರೆಯಲ್ಲಿ ಎಡಗಣ್ಣು ತೆಗೆದರು. ಕೆನ್ನೆ ಹೊಲಿದರು. ಮೂಗಿನ ಒಂದು ಹೊಳ್ಳೆ ಹೋಗಿತ್ತು. ಕರಡಿ ಮೂರನೇ ದಿನ ಬಂಡೆಗಳ ಸಂದಿಯಲ್ಲಿ ಸತ್ತು ಸಿಕ್ಕಿತು, ವೈರು ಕರುಳಿನವರೆಗೆ ಇಳಿದಿತ್ತು. ಮರಣೋತ್ತರ ಪರೀಕ್ಷೆ ಮಾಡಿದ್ದು ನಾನೇ. ಮೊಲೆಯಲ್ಲಿ ಹಾಲಿತ್ತು. ಮರಿ ಎಲ್ಲಿದೆಯೆಂದು ವಾರವಿಡೀ ಹುಡುಕಿದೆವು, ಸಿಗಲಿಲ್ಲ.

ನನ್ನ ಅಮ್ಮನಿಗೆ ಒಂದು ಗಾದೆ ಬಾಯಿಪಾಠ. ನಾನು ಮನೆಯಲ್ಲಿ ಹಾರಾಡಿದಾಗೆಲ್ಲ, "ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇನೆ?" ಅನ್ನುತ್ತಿದ್ದರು. ಆಸ್ಪತ್ರೆಗೆ ನನ್ನ ಜೊತೆ ಬಂದು ವಾಚರಣ್ಣನ ಮುಖ ನೋಡಿದ ಮೇಲೆ ಅಮ್ಮ ಆ ಗಾದೆ ಬಿಟ್ಟರು. ಜೀಪಿನಲ್ಲಿ ಏನಾಯಿತು ಅಂತ ಅವರಿಗೆ ನಾನು ಹೇಳಿರಲಿಲ್ಲ.

ಮೇಲಿನವರು ವರದಿ ಕೇಳಿದರು. ನಾನು ಬರೆದೆ: ಪೂಜೆಯ ವೇಳೆ ಮಸೂರಕ್ಕೆ ಹಚ್ಚಿದ ಗಂಧ ಕುಂಕುಮದಿಂದ ನೋಟ ಮಸುಕಾಗಿ ಗುರಿ ತಪ್ಪಿತು. ಯಾರು ಹಚ್ಚಿದರು ಎಂದು ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಆಗ ನಾನು ಅದನ್ನು ನಂಬಿದ್ದೆ ಕೂಡ. ಮಾತು ಆಫೀಸಿನಿಂದ ಕುರೆಕುಪ್ಪಕ್ಕೆ ಹೋಗಲು ಎಷ್ಟು ಹೊತ್ತು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅವನ ಕೈ ಹತ್ತಿದ ಬಂದೂಕು ಅವನನ್ನೇ ತಿಂತು, ಕೈಗುಣ ಕೆಟ್ಟೈತಿ ಅಂದರು. ಆಮೇಲೆ ಅವರ ಮನೆ ಮುಂದೆ ಯಾವ ಬೈಕೂ ಬಂದು ನಿಲ್ಲಲಿಲ್ಲ.

ದೀಪಾವಳಿ ಆದಮೇಲೆ ಆಫೀಸಿನ ಸಾಹೇಬರು ನನಗೆ ಸ್ಕೋಪು ಕೊಟ್ಟು, ಹೊಸಪೇಟೆಯಲ್ಲಿ ಯಾರಾದರೂ ತೊಳೆದುಕೊಡ್ತಾರೇನು ನೋಡ್ರಿ ಅಂದರು. ನಾನು ನಲವತ್ತು ವರ್ಷದಿಂದ ಚಷ್ಮಾ ಅಂಗಡಿ ಇಟ್ಟಿರುವ ಒಬ್ಬ ಮುದುಕರ ಬಳಿ ಒಯ್ದೆ. ನನ್ನ ಮೊದಲ ಕನ್ನಡಕ ಅವರದೇ ಅಂಗಡಿಯದು. ಅವರು ಬುಗ್ಗೆಯಿಂದ ಗಾಳಿ ಊದಿ, ಬ್ರಶ್ಶು ಆಡಿಸಿ, ಹತ್ತಿಗೆ ಒಂದು ಹನಿ ಬರೀ ನೀರು ಹಾಕಿ ಗಾಜಿನ ಅಂಚಿನಲ್ಲಿ ಸುತ್ತಿದರು. ಹತ್ತಿ ಗುಲಾಬಿ ಬಣ್ಣವಾಯಿತು. ಅಂಚು ಚೊಕ್ಕವಾಯಿತು.

"ಕುಂಕುಮ ಹೋತ್ರಿ. ಅದು ಪಾಪದ್ದು, ಹನಿ ನೀರಿಗೆ ಬಿಡ್ತೈತಿ" ಅಂದರು. ಆಮೇಲೆ ದೀಪದ ಕೆಳಗೆ ಗಾಜನ್ನು ಓರೆ ಹಿಡಿದು ನನಗೆ ತೋರಿಸಿದರು. ನಡುವಿನ ತುಂಬ ಸಣ್ಣ ಸಣ್ಣ ಗೆರೆ, ಸುತ್ತು ಸುತ್ತಾಗಿ. "ಇದು ಹೋಗಲ್ರಿ. ಇದು ಗಂಧದ ಕೆಲಸ ಅಲ್ಲ. ಧೂಳ ಇದ್ದಂಗಾ ಒಣಾ ಬಟ್ಟೀಲೆ ತಿಕ್ಕ್ಯಾರ. ಸಂಡೂರ ಕಡೆ ಲಾರಿ ಡ್ರೈವರ್‌ದು ಚಷ್ಮಾ ಎಲ್ಲಾ ಹಿಂಗಾ ಬರ್ತಾವ ನನ್ನ ಹತ್ರ. ಅದು ಬರೇ ಮಣ್ಣಲ್ರಿ, ಕಬ್ಬಿಣ. ಗಾಜಿನ ಮ್ಯಾಲ ಕಬ್ಬಿಣ ತಿಕ್ಕಿದ್ರ ಉಳೀತೈತೇನ್ರಿ? ಬಿಸಿಲಿಗೆ ಹಿಡಿದ್ರ ಬರೇ ಬೆಳ್ಳಗ ಕಾಣ್ತೈತಿ. ಯಾರ್ರಿ ತಿಕ್ಕಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ನನಗೇ ಗೊತ್ತಿಲ್ಲದೆ ವೇಲಿಗೆ ಹೋಯಿತು. "ಆಫೀಸ್ನಾಗ ಯಾರೋ" ಅಂದೆ.

ಅವತ್ತೇ ಹೇಳಬೇಕಿತ್ತು. ಹೇಳದಿರಲು ನನ್ನ ಬಳಿ ಕಾರಣಗಳು ಬೇಕಾದಷ್ಟಿದ್ದವು. ಲೆನ್ಸು ಚೊಕ್ಕ ಇದ್ದಿದ್ದರೂ ಗೂಟ ಕೀಳುತ್ತಿತ್ತೇನೋ. ಗಂಧ ಹಚ್ಚದಿದ್ದರೆ ತಿಕ್ಕುವ ಪ್ರಸಂಗವೇ ಬರುತ್ತಿರಲಿಲ್ಲವಲ್ಲ. ವಿಚಾರಣೆ ಇನ್ನೂ ಮುಗಿದಿರಲಿಲ್ಲ. ಹೆಂಗಸಿನ ಕೈಗೆ ಬಂದೂಕು ಕೊಟ್ಟರೆ ಇಷ್ಟೇ ಅನ್ನಲು ಕಾಯುತ್ತಿರುವ ನಾಲಗೆಗಳು ನನಗೆ ಕೇಳಿಸುತ್ತಿದ್ದವು. ಥೂ, ಇವತ್ತು ಬರೆಯುವಾಗ ಒಂದೂ ನಿಲ್ಲುವುದಿಲ್ಲ. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಅವರು ಹೇಳಿದ ಎರಡು ಹನಿ ನೀರು ಸಾಕಾಗಿತ್ತು ಅನ್ನುವುದನ್ನು ಜೋರಾಗಿ ಹೇಳಲು ಹೆದರಿಕೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ವಾಚರಣ್ಣ ಹೆಂಡತಿಯ ಜೊತೆ ನನ್ನ ಆಸ್ಪತ್ರೆಗೆ ಬಂದರು. ಕಪ್ಪು ಕನ್ನಡಕ, ಕೆನ್ನೆಯ ಮೇಲೆ ಹೊಲಿಗೆಯ ಗುರುತು. ಮಗಳ ಮದುವೆ, ಒಬ್ಬಳೇ ಮಗಳು. ನಮ್ಮಲ್ಲಿ ಮದುವೆಗೆ ಕರೆಯುವಾಗ ಮನೆಯ ಯಜಮಾನ ಅಕ್ಷತೆ ಕೊಟ್ಟು ಕರೆಯುತ್ತಾನೆ. ಇವರು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಅಕ್ಷತೆ ಕೊಟ್ಟದ್ದು ಹೆಂಡತಿ.

"ನೀವಾ ಕೊಡ್ರಿ ವಾಚರಣ್ಣ" ಅಂದೆ.

"ಬ್ಯಾಡ್ರಿ ಮೇಡಂ" ಅಂದರು. "ನನ್ನ ಕೈ ಚಲೋ ಇಲ್ರಿ ಈಗ. ಶುಭದಾಗ ಯಾಕ?"

"ಹಂಗಾದ್ರ ಧಾರೆ?"

"ನನ್ನ ತಮ್ಮ ತಮ್ಮನ ಹೇಣ್ತಿ ಎರೀತಾರ್ರಿ. ಹುಡುಗಿ ಭಾಳ ಅತ್ತಳು. ನಾನಾ ಬ್ಯಾಡಂದೆ. ನಾ ಮುಟ್ಟಿದ್ದಕ್ಕ ದುರ್ಬೀನ ಕುರುಡಾತು. ಮಗಳ ಬಾಳೇವು ಅಲ್ಲೇನ್ರಿ, ಅದನ್ನ ಮುಟ್ಟಿ ನೋಡಾಕ ಬರ್ತೈತೇನ್ರಿ?"

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಡನಿಲ್ಲದೆ ಅವರೂ ಧಾರೆಗೆ ಕೂರುವ ಹಾಗಿಲ್ಲ. ಹೇಳಬೇಕಾದ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಆಸ್ಪತ್ರೆಯಲ್ಲಿ ನಮ್ಮ ಮೂವರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ, ಫೋನು ಬರಲಿಲ್ಲ, ಯಾರೂ ಕರೆಯಲಿಲ್ಲ. ತಡೆದವರು ಯಾರೂ ಇಲ್ಲ. ನಾನು ಕೇಳಿದ್ದು, "ಊಟಕ್ಕ ಏನು ಮಾಡಿಸ್ತೀರಿ?" ಅಂತ. "ಹುಗ್ಗಿರಿ" ಅಂದರು. ಮದುವೆಗೆ ಇನ್ನೂ ಹದಿನೆಂಟು ದಿನ ಇತ್ತು.

ಹದಿನೆಂಟು ದಿನವೂ ನಾಳೆ ಹೋಗುತ್ತೇನೆ ಅಂದುಕೊಂಡೆ. ಒಂದು ದಿನ ಕುರೆಕುಪ್ಪದವರೆಗೆ ಹೋಗಿ, ಸ್ಕೂಟಿ ತಿರುಗಿಸಿಕೊಂಡು ವಾಪಸು ಬಂದೆ. ಹೇಳಿದರೂ ಕಣ್ಣು ಬರುತ್ತದೆಯೇ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ.

ಮದುವೆಗೆ ಹೋದೆ. ಹೋಗದಿದ್ದರೆ ಏನಾದರೂ ಅಂದುಕೊಂಡಾರು ಎಂದು ಹೋದೆ. ವಾಚರಣ್ಣ ಬಾಗಿಲಿಗೇ ಬಂದು, "ಬರ್ರಿ ಮೇಡಂ, ಮುಂದ ಕುಂದ್ರಿ" ಎಂದು ಜನರನ್ನು ಸರಿಸಿ ಮೊದಲ ಸಾಲಿನಲ್ಲಿ ಕೂರಿಸಿದರು. ಅಕ್ಕಪಕ್ಕದವರಿಗೆ, "ನಮ್ಮ ಡಾಕ್ಟರ್ ಮೇಡಂ, ದವಾಖಾನ್ಯಾಗ ನನ್ನ ಕಾಯ್ದವರು" ಎಂದು ಪರಿಚಯ ಮಾಡಿದರು. ಧಾರೆಯ ಹೊತ್ತಿಗೆ ಅವರು ಮಂಟಪದ ಕೆಳಗೆ ಕಂಬದ ಪಕ್ಕ ಹೋಗಿ ನಿಂತರು. ತಮ್ಮನೂ ತಮ್ಮನ ಹೆಂಡತಿಯೂ ಹುಡುಗಿಯ ಕೈ ಹಿಡಿದು ಹುಡುಗನ ಕೈಯಲ್ಲಿ ಇಟ್ಟು ನೀರು ಬಿಟ್ಟರು. ಹುಡುಗಿ ತಲೆ ಎತ್ತಿ ಕಂಬದ ಕಡೆ ನೋಡಿದಳು, ಐನೋರು ಈಕಡೆ ನೋಡವ್ವಾ ಅಂದರು. ನಾನು ಎಲ್ಲರ ಜೊತೆ ಅಕ್ಷತೆ ಹಾಕಿದೆ. ಹುಗ್ಗಿ ಉಂಡೆ.

ಮೂರು ವಾರದ ಮೇಲೆ ಆಫೀಸಿಗೆ ಹೊಸ ಸ್ಕೋಪು ಬಂತು. ಹೊಸದಾಗಿ ಸೇರಿದ ಗಾರ್ಡುಗಳಿಗೆ ಅದನ್ನು ಒರೆಸುವುದು ಹೇಗೆಂದು ನಾನು ಹೇಳಿಕೊಡಬೇಕಾಯಿತು. ಮೊದಲು ಗಾಳಿ, ಆಮೇಲೆ ಬ್ರಶ್ಶು, ಒಣ ಬಟ್ಟೆ ಸಲ್ಲದು ಅಂದೆ. ಅದರಲ್ಲಿ ಒಬ್ಬ, "ಗಂಧಾನೂ ಸಲ್ಲದು ಅಲ್ಲೇನ್ರಿ ಮೇಡಂ?" ಅಂದು ಗೇಟಿನ ಕಡೆ ನೋಡಿ ನಕ್ಕ. ಎಲ್ಲರೂ ನಕ್ಕರು. ಕಣ್ಣು ಹೋದ ಮೇಲೆ ಗೇಟು ಕಾಯಲು ಕೂತಿದ್ದ ವಾಚರಣ್ಣನಿಗೆ ಅದು ಕೇಳಿಸಿತು. ಅವರೂ ನಕ್ಕರು, ಹೊಲಿದ ಕೆನ್ನೆ ಒಂದು ಕಡೆಗೆ ಎಳೆಯಿತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅದೇ ಸಂಜೆ ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಚಾಪೆ ಹಾಸಿ ಕುಂದ್ರಿ ಅಂದರು, ಚಹಾ ತರಲು ಹೆಂಡತಿಗೆ ಕೂಗಿದರು. ನಾನು ಚಹಾ ಬೇಡ ಅಂದೆ. ನಿಂತುಕೊಂಡೇ ಹೇಳಿದೆ. ಗಾಜು ಕೆಟ್ಟದ್ದು ಗಂಧದಿಂದ ಅಲ್ಲ, ನಾನು ಒಣ ಬಟ್ಟೆಯಲ್ಲಿ ತಿಕ್ಕಿದ್ದರಿಂದ. ನೀವು ಹೇಳಿದ ಹಾಗೆ ನೀರು ಹಾಕಿದ್ದರೆ ಸಾಕಿತ್ತು. ಚಷ್ಮಾ ಅಂಗಡಿಯವರು ತೋರಿಸಿದರು. ನನಗೆ ದೀಪಾವಳಿಯಿಂದ ಗೊತ್ತು. ಕಾಲಿಗೆ ಬೀಳಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

ಕಟ್ಟೆಯ ಮೇಲೆ ಕೂತರು. ತಮ್ಮ ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿಕೊಂಡರು. ಆಮೇಲೆ ಒಳಗೆ ತಿರುಗಿ, "ಲೇ, ಇಲ್ಲಿ ಬಾ" ಅಂದರು. ಹೆಂಡತಿ ಬಂದು ಬಾಗಿಲಲ್ಲಿ ನಿಂತರು. "ಇನ್ನೊಮ್ಮಿ ಹೇಳ್ರಿ ಮೇಡಂ. ಆಕಿ ಕೇಳ್ಲಿ."

ಇನ್ನೊಮ್ಮೆ ಹೇಳಿದೆ. ಹೆಂಡತಿ ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಬಾಗಿಲ ಚೌಕಟ್ಟು ಹಿಡಿದು ಹಾಗೇ ಕೆಳಗೆ ಕುಸಿದು ಕೂತರು. "ನಾನಾ ಅಂದಿದ್ನೆಲ್ರಿ ಅವರಿಗೆ" ಅಂದರು, "ಧಾರಿ ಹೊತ್ತಿಗೆ ದೂರ ನಿಲ್ರಿ ಅಂತ ನಾನಾ ಅಂದಿದ್ದೆ."

ವಾಚರಣ್ಣ ಅಂಗಿಯ ಜೇಬಿನಿಂದ ಮೊಬೈಲು ತೆಗೆದು ಮಗಳಿಗೆ ಹಚ್ಚಿದರು. ಸ್ಪೀಕರ್ ಒತ್ತಿ ನನ್ನ ಮುಂದೆ ಹಿಡಿದರು. "ಆಕಿಗೂ ಹೇಳ್ರಿ" ಅಂದರು. ಅಷ್ಟು ವರ್ಷದಲ್ಲಿ ಅವರು ನನಗೆ ಆಜ್ಞೆ ಮಾಡಿದ್ದು ಅದೊಂದೇ ಸಲ.

ಮೂರನೆಯ ಸಲ ಹೇಳಿದೆ. ಆಕಡೆ ಪಾತ್ರೆಯ ಸದ್ದು ನಿಂತಿತು. ನಾನು ಹಲೋ ಅಂದೆ.

"ಮದಿವಿಗೆ ನೀವು ಬಂದಿದ್ರೆಲ್ರಿ ಮೇಡಂ?" ಅಂದಳು. "ಧಾರಿ ಎರಿಯೋ ಮುಂ‌ದ, ಮೊದಲ್ನೇ ಸಾಲಿನ್ಯಾಗ ಕುಂತಿದ್ರಿ."

"ಹೌದವ್ವಾ" ಅಂದೆ. "ಕುಂತಿದ್ದೆ."